ಒಂದು ಈಡು ಹಾರಿದ ಮೇಲೆ: ನರಗುಂದದಿಂದ ಗಜೇಂದ್ರಗಡದವರೆಗೆ

ಹುಬ್ಬಳ್ಳಿಯಿಂದ ವಿಜಯಪುರದ ಕಡೆ ಹೋಗುವ ಹೆದ್ದಾರಿಯಲ್ಲಿ ನವಲಗುಂದ ದಾಟಿದರೆ ಕಣ್ಣಿಗೆ ಅಡ್ಡ ಬರುವುದು ಏನೂ ಇಲ್ಲ. ಎರಡೂ ಕಡೆ ಕಪ್ಪು ಎರಿ ಹೊಲ, ಹಿಂಗಾರಿಗೆ ಕಡಲೆ, ಜೋಳ, ಗೋದಿ, ಹತ್ತಿ. ಆ ಬಯಲಿನ ನಡುವೆ ದೂರದಿಂದಲೇ ನರಗುಂದದ ಗುಡ್ಡ ಎದ್ದು ಕಾಣುತ್ತದೆ. ಊರು ಅದರ ಬುಡಕ್ಕೆ ಒತ್ತಿಕೊಂಡೇ ಬೆಳೆದಿದೆ. ಗುಡ್ಡದ ಮೇಲಿಂದ ಯಾರಾದರೂ ನೋಡುತ್ತಿದ್ದರೆ, ಬಯಲಲ್ಲಿ ಬರುವ ದಂಡು ಅರ್ಧ ದಿನ ಮೊದಲೇ ಕಾಣಬೇಕು. ಇಲ್ಲಿ ಕೋಟೆ ಕಟ್ಟಬೇಕೆಂದು ಯಾರಿಗಾದರೂ ಅನಿಸುವುದು ಸಹಜ. 1674ರಲ್ಲಿ ಶಿವಾಜಿ ಇದನ್ನು ಕಟ್ಟಿಸಿದನೆಂದು ಹಳೆಯ ಗೆಜೆಟಿಯರುಗಳು ಹೇಳುತ್ತವೆ. ಆಮೇಲೆ ಅದು ಭಾವೆ ಮನೆತನದ ಸಂಸ್ಥಾನವಾಯಿತು.

ನರಗುಂದ ಎಂದರೆ ಅಲ್ಲಿಯ ಅರಸ ಬಾಬಾಸಾಹೇಬ, 1858, ಗಲ್ಲು. ಇಷ್ಟು ನಮ್ಮ ಭಾಗದ ಶಾಲೆ ಮಕ್ಕಳಿಗೂ ಗೊತ್ತು. ನಾನು ಹೊರಟಿದ್ದು ಆ ಕಥೆಯೊಳಗಿನ ಒಂದು ಸಣ್ಣ ಪ್ರಶ್ನೆ ಹಿಡಿದುಕೊಂಡು. ಬಂದೂಕು ಒಂದು ಸಲ ಹಾರಿತು, ಸರಿ. ಎರಡನೇ ಸಲ ಹಾರಬೇಕಾದರೆ ಏನಾಗಬೇಕು? ಮೊದಲ ಕಿಡಿ ಉಳಿಸಿಹೋದ ಮಸಿ, ತಗಡಿನ ಚೂರು, ಕಚ್ಚಿಕೊಂಡ ಸುಟ್ಟ ಕೇಪು, ಇವನ್ನೆಲ್ಲ ತೆಗೆಯುವುದು ಹೇಗೆ? ಬತ್ತಿ ಬಂದೂಕಿನಿಂದ ಇವತ್ತಿನ ತೋಟೆಯವರೆಗೆ ಈ ತಾಪತ್ರಯ ತಪ್ಪಿಲ್ಲ. ನರಗುಂದ, ರೋಣ, ಗಜೇಂದ್ರಗಡ ಮೂರನ್ನೂ ಈ ದಾರಿಯಲ್ಲೇ ನೋಡಬೇಕೆಂದು ಮನಸ್ಸಾಯಿತು.

ಜೊತೆಗೆ ಬಂದವರು ರೋಣದ ಕಡೆಯ ಒಬ್ಬ ಹಿರಿಯರು. ಸೈನ್ಯದಲ್ಲಿ ಆಯುಧ ರಿಪೇರಿ ಕೆಲಸ ಮಾಡಿ ನಿವೃತ್ತರಾದವರು. ಊರಲ್ಲಿ ಎಲ್ಲರಿಗೂ ಕಾಕಾ. ಹೆಗಲ ಚೀಲದಲ್ಲಿ ನೀರಿನ ಬಾಟಲಿ, ರೊಟ್ಟಿ ಗಂಟು, ಮತ್ತೆ ಒಂದು ತಗಡಿನ ಡಬ್ಬಿ. ಡಬ್ಬಿಯಲ್ಲಿ ಏನಿದೆ ಎಂದು ಕೇಳಿದರೆ, "ಏರು ಮೊದ್ಲ, ಆಮ್ಯಾಲೆ ತೋರಸ್ತೀನಿ ತಮ್ಮಾ" ಅಂದರು.

ಗುಡ್ಡ ಏರುವುದು ಬೆಳಗಿನ ಹೊತ್ತಿಗೇ ಆಗಬೇಕು. ಹತ್ತು ಗಂಟೆಯ ಮೇಲೆ ಬಂಡೆ ಕಾಯುತ್ತದೆ. ಮೇಲೇರಿದಂತೆ ಗೋಡೆಯ ತುಂಡುಗಳು, ಕುಸಿದ ಬುರುಜು, ಬಂಡೆಯ ನಡುವೆ ನೀರಿನ ಹೊಂಡ ಕಾಣುತ್ತವೆ. ಕಾಕಾ ಗೋಡೆ ಕಂಡಲ್ಲೆಲ್ಲ ನಿಂತು ಬಂದೂಕಿನ ಕಿಂಡಿಗಾಗಿ ಹುಡುಕುತ್ತಿದ್ದರು. ಕಿಂಡಿ ಸಿಕ್ಕಲ್ಲಿ ಅದರ ಒಳಗಿನ ಅಗಲಕ್ಕೆ ಕೈ ಚಾಚಿ ಅಳೆಯುತ್ತಿದ್ದರು. ಇಲ್ಲಿ ಕೂತವನಿಗೆ ಬಂದೂಕು ತುಂಬಲು ಜಾಗ ಇತ್ತೇ, ನಳಿಗೆಯನ್ನು ನೆಟ್ಟಗೆ ನಿಲ್ಲಿಸಿ ಸಲಾಕೆಯಿಂದ ಮದ್ದು ಜಡಿಯಬಹುದಿತ್ತೇ ಎನ್ನುವುದು ಅವರ ಲೆಕ್ಕ. ಬಾಯಿಯಿಂದ ಮದ್ದು ತುಂಬುವ ಬಂದೂಕಿನವನು ಗೋಡೆಯ ಮರೆಯಲ್ಲಿ ಎದ್ದು ನಿಲ್ಲಲೇಬೇಕು. ಕೂತು, ಮಲಗಿ ತುಂಬುವುದು ಬಹಳ ಕಷ್ಟ. ಕೋಟೆಗೋಡೆಯ ಎತ್ತರವನ್ನು ಈ ಕಣ್ಣಿನಿಂದ ನೋಡುವವರನ್ನು ನಾನು ಮೊದಲು ಕಂಡಿರಲಿಲ್ಲ.

ಈ ಗುಡ್ಡ ಕಂಡ ದೊಡ್ಡ ಮುತ್ತಿಗೆ 1785ರದು. ಟಿಪ್ಪು ಕಪ್ಪ ಹೆಚ್ಚಿಸಿದ, ವೆಂಕಟರಾವ್ ಭಾವೆ ಒಪ್ಪಲಿಲ್ಲ. ಟಿಪ್ಪುವಿನ ಸೇನಾನಿ ಬುರ್ಹಾನುದ್ದೀನನ ದಂಡು ಬಂದು ಸುತ್ತುವರಿಯಿತು. ಪುಣೆಯ ನೆರವು ಸಾಲಲಿಲ್ಲ. ಕೊನೆಗೆ ವೆಂಕಟರಾವ್ ಶರಣಾದ, ಅವನನ್ನು ಕಬ್ಬಾಳದುರ್ಗಕ್ಕೆ ಒಯ್ದು ಸೆರೆಯಲ್ಲಿಟ್ಟರು. ಎರಡು ವರ್ಷದ ನಂತರ, 1787ರಲ್ಲಿ, ಮರಾಠರು, ನಿಜಾಮ ಮತ್ತು ಟಿಪ್ಪುವಿನ ನಡುವೆ ಒಪ್ಪಂದವಾದದ್ದು ನಾವು ಸಂಜೆಗೆ ತಲುಪಬೇಕಾಗಿದ್ದ ಗಜೇಂದ್ರಗಡದಲ್ಲೇ. ಆ ಕರಾರಿನಲ್ಲಿ ನರಗುಂದ ತಿರುಗಿ ಭಾವೆಯವರಿಗೆ ಸಿಕ್ಕಿತು. ಮಾರ್ಗದಲ್ಲಿ ಸಿಗುವ ಎರಡು ಊರುಗಳನ್ನು ಇತಿಹಾಸ ಹೀಗೆ ಹೊಲಿದುಹಾಕಿದೆ.

ಮೇಲೆ ಗಾಳಿಗೆ ಒಡ್ಡಿದ ಬಂಡೆಯೊಂದರ ಮೇಲೆ ಕೂತಾಗ ಕಾಕಾ ಬತ್ತಿ ಬಂದೂಕಿನ ಮಾತು ತೆಗೆದರು. ಆ ಕಾಲದಲ್ಲಿ ನಮ್ಮ ಕಡೆ ಹೆಚ್ಚಾಗಿ ಇದ್ದದ್ದು ಅದೇ. ನಳಿಗೆಯ ಬುಡದಲ್ಲಿ ಪಕ್ಕಕ್ಕೊಂದು ಸಣ್ಣ ತೂತು. ತೂತಿನ ಹೊರಗೆ ಪುಟ್ಟ ತಟ್ಟೆ. ತಟ್ಟೆಯಲ್ಲಿ ನುಣ್ಣಗೆ ಅರೆದ ಮದ್ದು, ಅದಕ್ಕೆ ರಂಜಕ ಎನ್ನುತ್ತಾರೆ. ಉರಿಯುವ ಬತ್ತಿ ರಂಜಕಕ್ಕೆ ತಾಗಿದರೆ ಕಿಡಿ ತೂತಿನೊಳಗೆ ಹಾಯ್ದು ಒಳಗಿನ ಮದ್ದಿಗೆ ಮುಟ್ಟುತ್ತದೆ, ಈಡು ಹಾರುತ್ತದೆ. ಪೆಟ್ಲುಪ್ಪು, ಗಂಧಕ, ಇದ್ದಲಿ ಸೇರಿದ ಈ ಕರಿಮದ್ದು ಉರಿದಾಗ ಪೂರ್ತಿ ಹೊಗೆಯಾಗಿ ಹೋಗುವುದಿಲ್ಲ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಘನ ಕಿಟ್ಟವಾಗಿ ಉಳಿಯುತ್ತದೆ. ಆ ಕಿಟ್ಟಕ್ಕೆ ಗಾಳಿಯ ತೇವ ಹೀರುವ ಗುಣ. ಮುಂಗಾರಿನ ಹೊಸ್ತಿಲಲ್ಲಿ ನಾಲ್ಕು ಈಡು ಹಾರಿಸಿದರೆ ತೂತು ಅಂಟಂಟಾಗಿ ಮುಚ್ಚಿಕೊಳ್ಳುತ್ತದೆ. ತಟ್ಟೆಯ ರಂಜಕ ಭುಸ್ ಎಂದು ಉರಿದು ಹೋಗುತ್ತದೆ, ನಳಿಗೆ ಮಾತ್ರ ಸುಮ್ಮನಿರುತ್ತದೆ.

ಇದಕ್ಕೆ ಇದ್ದ ಮದ್ದು ಒಂದು ಸೂಜಿ. ಭಾರತದ ಹಳೆಯ ಬತ್ತಿ ಬಂದೂಕುಗಳನ್ನು ಮ್ಯೂಸಿಯಂನಲ್ಲಿ ನೋಡುವವರು ಕೆತ್ತನೆ, ಬೆಳ್ಳಿಯ ಕುಸುರಿ ನೋಡಿ ಮುಂದೆ ಹೋಗುತ್ತಾರೆ. ಸ್ವಲ್ಪ ಬಗ್ಗಿ ನೋಡಿದರೆ ಎಷ್ಟೋ ಬಂದೂಕುಗಳ ತಟ್ಟೆಯ ಪಕ್ಕ ಸಣ್ಣ ಸರಪಳಿ, ಸರಪಳಿಯ ತುದಿಗೆ ಕಬ್ಬಿಣದ ಸೂಜಿ ಕಾಣುತ್ತದೆ. ಸೂಜಿ ಇಡಲು ಮರದ ಹಿಡಿಕೆಗೇ ಒಂದು ಒರೆ ಮಾಡಿರುತ್ತಾರೆ. ಕಾದಾಟದ ಗದ್ದಲದಲ್ಲಿ ಅದು ಕೈಜಾರಿ ಕಳೆದುಹೋದರೆ ಬಂದೂಕು ಬರೀ ದೊಣ್ಣೆ; ಅದಕ್ಕೇ ಸರಪಳಿ. ತೋಪಿನ ಕಥೆಯೂ ಬೇರೆಯಲ್ಲ. ತೋಪಿನ ತೂತಿಗೆ ಉದ್ದನೆಯ ಕಂಬಿ ಇಳಿಸಿ ಶುದ್ಧಮಾಡಬೇಕು. ಶತ್ರುವಿನ ತೋಪು ಕೈಗೆ ಸಿಕ್ಕಿ, ಹೊತ್ತೊಯ್ಯಲು ಆಗದಿದ್ದರೆ ಆ ತೂತಿಗೇ ಮೊಳೆ ಜಡಿದು ಹೋಗುವುದು ಎಲ್ಲ ಸೈನ್ಯಗಳ ರೂಢಿಯಾಗಿತ್ತು. ಟನ್ನುಗಟ್ಟಲೆ ಲೋಹವನ್ನು ಕೆಲಸಕ್ಕೆ ಬಾರದಂತೆ ಮಾಡಲು ಒಂದು ಮೊಳೆ ಸಾಕಾಗುತ್ತಿತ್ತು.

ಬಾಬಾಸಾಹೇಬನ ಕಾಲಕ್ಕೆ ಬಂದೂಕು ಬದಲಾಗಿತ್ತು. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್ 1807ರಲ್ಲಿ ಹೊಸ ವಿಧಾನಕ್ಕೆ ಪೇಟೆಂಟ್ ಪಡೆದಿದ್ದ: ಬತ್ತಿಯೂ ಬೇಡ, ಚಕಮಕಿಯೂ ಬೇಡ, ಪೆಟ್ಟು ಬಿದ್ದರೆ ತಾನೇ ಸಿಡಿಯುವ ರಾಸಾಯನಿಕ ಸಾಕು. ಕೆಲವು ವರ್ಷಗಳಲ್ಲೇ ಅದು ತಾಮ್ರದ ಪುಟ್ಟ ಟೋಪಿಯ ರೂಪ ತಾಳಿತು. ಅದೇ ಕೇಪು. ಬಂದೂಕಿನ ಬುಡದ ಸಣ್ಣ ಮೊಲೆತೊಟ್ಟಿನಂಥ ಕೊಳವೆಗೆ ಕೇಪು ತೊಡಿಸಿ ಕುದುರೆ ಬಿಟ್ಟರೆ ಕಿಡಿ ನೇರ ಒಳಗೆ. ಮಳೆ ಗಾಳಿಯ ಕಾಟ ಬಹಳ ಕಡಿಮೆಯಾಯಿತು. ಆಗ ಬ್ರಿಟಿಷ್ ಪಡೆಗಳಲ್ಲಿ ಹರಡುತ್ತಿದ್ದ 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ ಕೇಪಿನದು. ಕೊಬ್ಬು ಸವರಿದ ಕಾಡತೂಸಿನ ಗಲಾಟೆ ಎಲ್ಲರಿಗೂ ಗೊತ್ತು. ಅದೇ ರೈಫಲ್ಲಿನ ಕೇಪಿನ ಬಗ್ಗೆ ಯಾರೂ ಮಾತಾಡುವುದಿಲ್ಲ.

ನನಗೆ ಮುಖ್ಯ ಅನಿಸುವುದು ಇಲ್ಲೇ. ಕರಿಮದ್ದನ್ನು ನಮ್ಮ ಊರುಗಳಲ್ಲಿ ಮಾಡುತ್ತಿದ್ದರು. ಸೀಸದ ಗುಂಡು ಎರಕ ಹೊಯ್ಯುತ್ತಿದ್ದರು. ಕಮ್ಮಾರ ಮನಸ್ಸು ಮಾಡಿದರೆ ನಳಿಗೆಯನ್ನೂ ಕೂಡಿಸಬಲ್ಲ. ಪಾದರಸದ ಫಲ್ಮಿನೇಟ್ ತುಂಬಿದ ಕೇಪು ಮಾತ್ರ ಕಾರ್ಖಾನೆಯ ಸರಕು, ಅದರ ಕೀಲಿ ಕಂಪನಿಯ ಕೈಯಲ್ಲಿ. ಕೇಪಿನ ಬಂದೂಕು ಹಿಡಿದವನು ಎಷ್ಟು ಶೂರನಾದರೂ ಅವನ ಹೋರಾಟದ ಆಯುಷ್ಯ ಡಬ್ಬಿಯಲ್ಲಿ ಉಳಿದ ಕೇಪುಗಳಷ್ಟೇ. ಬತ್ತಿ ಬಂದೂಕಿನವನಿಗೆ ಆ ಹಂಗಿಲ್ಲ, ಅವನಿಗೆ ಇರುವುದು ಮಸಿಯ ಕಾಟ, ತೇವದ ಕಾಟ. ನಮ್ಮ ಬಂಡಾಯಗಳ ಇತಿಹಾಸ ಬರೆದವರು ಈ ಲೆಕ್ಕವನ್ನು ಗಂಭೀರವಾಗಿ ತೆಗೆದುಕೊಂಡಿಲ್ಲ ಎಂಬುದು ನನ್ನ ದೂರು.

ಕಂಪನಿ ಸರಕಾರಕ್ಕೆ ಮಾತ್ರ ಈ ಲೆಕ್ಕ ಚೆನ್ನಾಗಿ ತಿಳಿದಿತ್ತು. 1857ರ ನಿಶ್ಶಸ್ತ್ರೀಕರಣ ಕಾಯ್ದೆ ಬಂದದ್ದೇ ಆ ತಿಳಿವಿನಿಂದ. ಆಗ ಮುಧೋಳ ಸಂಸ್ಥಾನದಲ್ಲಿದ್ದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು. ನವೆಂಬರ್ ಕೊನೆಗೆ ದಂಡು ಹೋಗಿ ಊರು ಸುಟ್ಟಿತು, 19 ಮಂದಿಯನ್ನು ಗಲ್ಲಿಗೇರಿಸಿತು. ಲಾವಣಿಗಳಲ್ಲಿ ಆ ನೋವು ಇವತ್ತಿಗೂ ಹಸಿಯಾಗಿದೆ. ನರಗುಂದದ ಅರಸನಿಗೂ ತೋಪು, ಮದ್ದನ್ನು ಧಾರವಾಡಕ್ಕೆ ಕಳಿಸಲು ಹೇಳಿಕೆ ಬಂತು. ಅವನು ಹೆಚ್ಚಿನವನ್ನು ಕಳಿಸಿಯೂ ಕೊಟ್ಟ. ದತ್ತು ಪಡೆಯಲು ಒಪ್ಪಿಗೆ ಸಿಗದೆ ಒಳಗೇ ಕುದಿಯುತ್ತಿದ್ದವನಿಗೆ ಕೈಯಲ್ಲಿದ್ದ ತೋಪೂ ಹೋದಂತಾಯಿತು. 1858ರ ಮೇ ಕೊನೆಗೆ ಬಂಡೆದ್ದ. ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ಕೊಲೆಯಾಯಿತು, ಅವನ ತಲೆಯನ್ನು ನರಗುಂದಕ್ಕೆ ತಂದರು. ಜೂನ್ 1ಕ್ಕೆ ಕರ್ನಲ್ ಮಾಲ್ಕಮ್‌ನ ದಂಡು ಊರ ಮುಂದಿನ ಬಯಲಿಗೆ ಬಂತು. ಕಾದಾಟ ಅಲ್ಲೇ ನಡೆಯಿತು. ಮರುದಿನ ಗುಡ್ಡ ಕೈಬಿಟ್ಟಿತು. ತೊರಗಲ್ಲ ಕಡೆಯ ಕಾಡಿನಲ್ಲಿ ಪೊಲೀಸ್ ಅಧಿಕಾರಿ ಸೂಟರ್ ಬಾಬಾಸಾಹೇಬನನ್ನು ಹಿಡಿದ. ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲು. ಅದೇ ಜೂನ್ 1ರಂದು ಇತ್ತ ಕೊಪ್ಪಳದ ಕೋಟೆಯಲ್ಲಿ ಬಂಡೆದ್ದಿದ್ದ ಮುಂಡರಗಿ ಭೀಮರಾಯನೂ ಬಿದ್ದಿದ್ದ.

"ಕೇಪ್ ಬಂದೂಕ ಇದ್ದ ಸಿಪಾಯಿಗೂ ತ್ರಾಸು ಇತ್ತು ತಮ್ಮಾ, ಇಲ್ಲ ಅನ್ಬ್ಯಾಡ" ಎಂದರು ಕಾಕಾ. ಹೊಡೆತಕ್ಕೆ ಕೇಪು ಸೀಳುತ್ತದೆ. ಚೂರು ಕೊಳವೆಗೇ ಕಚ್ಚಿ ಕೂರುತ್ತದೆ, ಇಲ್ಲವೇ ಕುದುರೆಯ ಸಂದಿಗೆ ಬಿದ್ದು ಅದನ್ನು ಓಡಾಡಗೊಡುವುದಿಲ್ಲ. ಹಳೆ ಚೂರು ಉಗುರಿನಿಂದ ಕೀಳದೆ ಹೊಸ ಕೇಪು ಕೂರದು. ಅದಕ್ಕೇ ಸಿಪಾಯಿಯ ಸಾಮಾನಿನಲ್ಲಿ ಕೊಳವೆ ಬಿಚ್ಚುವ ಕೀಲಿ, ತೂತಿಗೆ ಹಾಕುವ ಸೂಜಿ, ಒಂದು ಹೆಚ್ಚುವರಿ ಕೊಳವೆ ಇರುತ್ತಿದ್ದವು. ಕಾಡತೂಸಿನ ಎಣಿಕೆಗಿಂತ ಹೆಚ್ಚು ಕೇಪು ಕೊಡುತ್ತಿದ್ದರು. ಇತ್ತ ಗುಡ್ಡದ ಮೇಲಿದ್ದವರ ಸೂಜಿಗಳು ಎಲ್ಲಿ ಹೋದವೋ.

ಇಳಿಯುವಾಗ ಗುಡ್ಡದ ಬುಡದ ವೆಂಕಟೇಶ್ವರ ಗುಡಿಗೆ ಹೋಗಿಬಂದೆವು. ಊರೊಳಗೆ ರೈತ ಹುತಾತ್ಮರ ವೀರಗಲ್ಲಿನ ಮುಂದೆ ನಿಂತೆವು. 1980ರ ಜುಲೈ 21ರಂದು ಮಲಪ್ರಭಾ ಕಾಲುವೆಯ ಅಭಿವೃದ್ಧಿ ಕರದ ವಿರುದ್ಧ ಎದ್ದ ರೈತರ ಮೇಲೆ ಗೋಳಿಬಾರ್ ನಡೆದ ಊರು ಇದು. ಪ್ರತಿ ವರ್ಷ ಆ ದಿನ ರಾಜ್ಯದ ಮೂಲೆಮೂಲೆಯಿಂದ ರೈತರು ಇಲ್ಲಿಗೆ ಬರುತ್ತಾರೆ. ಕಾಕಾ ಚಪ್ಪಲಿ ಕಳಚಿ ಕೈಮುಗಿದರು. ನನ್ನ ಪ್ರಶ್ನೆಯನ್ನು ಅಲ್ಲಿ ಎತ್ತಲು ಮನಸ್ಸಾಗಲಿಲ್ಲ.

ರೋಣದ ದಾರಿ ಎರಿ ಹೊಲಗಳ ನಡುವೆ ಸಾಗುತ್ತದೆ. ರೋಣದಲ್ಲಿ ಹಳೆಯ ಗುಡಿಗಳಿವೆ, ಸೂಡಿಯ ಜೋಡು ಕಳಸದ ಗುಡಿಯೂ ನಾಗಕುಂಡವೂ ಅಲ್ಲಿಂದ ದೂರವಿಲ್ಲ. ಅವಕ್ಕೇ ಬೇರೆ ದಿನ ಬೇಕು. ಊರ ಹೊರಗೆ ಬೇವಿನ ನೆರಳಲ್ಲಿ ರೊಟ್ಟಿ, ಹಿಂಡಿ, ಮೊಸರು ಮುಗಿಸಿದ ಮೇಲೆ ಡಬ್ಬಿ ತೆರೆಯಿತು. ಒಳಗಿದ್ದದ್ದು ಉದ್ದಕ್ಕೆ ಗರಗಸದಿಂದ ಸೀಳಿದ ಎರಡು ಖಾಲಿ ಹಿತ್ತಾಳೆ ತೋಟೆ. ಹೊಸಬರಿಗೆ ಕಲಿಸಲು ಮಾಡಿಟ್ಟುಕೊಂಡದ್ದು.

ತೋಟೆ ಎಂದರೆ ಕೇಪು, ಮದ್ದು, ಗುಂಡು ಮೂರನ್ನೂ ಒಂದೇ ಹಿತ್ತಾಳೆ ಚಿಪ್ಪಿನಲ್ಲಿ ಕೂಡಿಸಿದ್ದು. ಚಿಪ್ಪಿನ ಹಿಂಬದಿಯ ಕುಣಿಯಲ್ಲಿ ಕೂತಿರುವ ದುಂಡನೆಯ ಪ್ರೈಮರ್, ಹಳೆ ಕೇಪಿನ ಮೊಮ್ಮಗ. ಅದು ಸಿಡಿಯಬೇಕಾದರೆ ಬಂದೂಕಿನ ಪಿನ್ನಿನ ಪೆಟ್ಟಿಗೆ ಎದುರಾಗಿ ಒಂದು ಅಡಿಗಲ್ಲು ಬೇಕು. 1860ರ ದಶಕದಲ್ಲಿ ಇಬ್ಬರು ಇದನ್ನು ಎರಡು ಥರ ಬಿಡಿಸಿದರು. ಬ್ರಿಟನ್ನಿನ ಎಡ್ವರ್ಡ್ ಬಾಕ್ಸರ್ ಅಡಿಗಲ್ಲನ್ನು ಪ್ರೈಮರಿನೊಳಗೇ ಇಟ್ಟ, ಕುಣಿಯ ತಳದ ನಡುಮಧ್ಯ ಕಿಡಿಗೆ ಒಂದೇ ತೂತು ಬಿಟ್ಟ. ಅಮೆರಿಕದ ಹೈರಮ್ ಬರ್ಡಾನ್ ಚಿಪ್ಪಿನ ತಳವನ್ನೇ ಉಬ್ಬಿಸಿ ಅಡಿಗಲ್ಲು ಮಾಡಿ, ಪಕ್ಕಕ್ಕೆ ಎರಡು ಸಣ್ಣ ತೂತು ಕೊರೆದ. ವಿಚಿತ್ರವೆಂದರೆ ಬ್ರಿಟಿಷನ ವಿಧಾನ ಅಮೆರಿಕದಲ್ಲಿ ನೆಲೆಯಾಯಿತು, ಅಮೆರಿಕನದು ಯುರೋಪಿನಲ್ಲಿ. ಬ್ರಿಟಿಷ್ ಸೇನೆಯ .303 ತೋಟೆಗಳು ಬಹುಪಾಲು ಬರ್ಡಾನ್ ಬಗೆಯವೇ.

ಸೀಳಿದ ತುಂಡುಗಳನ್ನು ಕೈಯಲ್ಲಿ ಹಿಡಿದಾಗ ಇದೆಲ್ಲ ಒಂದೇ ನೋಟಕ್ಕೆ ಹೊಳೆಯುತ್ತದೆ. ಮೊದಲನೆಯದು ಬಾಕ್ಸರ್ ಬಗೆಯದು, ಅದರಲ್ಲಿ ಬಾಯಿಂದ ಒಂದು ಕಡ್ಡಿ ಇಳಿಬಿಟ್ಟರೆ ನೇರ ನಡುತೂತಿನಲ್ಲಿ ಹಾಯ್ದು ಸುಟ್ಟ ಪ್ರೈಮರನ್ನು ಹಿಂದಿನಿಂದ ತಳ್ಳುತ್ತದೆ. ಬರ್ಡಾನ್ ಬಗೆಯ ಎರಡನೆಯದರಲ್ಲಿ ಅದೇ ಕಡ್ಡಿ ಗಟ್ಟಿ ಉಬ್ಬಿಗೆ ಬಡಿದು ನಿಲ್ಲುತ್ತದೆ. ಖಾಲಿ ತೋಟೆಯನ್ನು ಮತ್ತೆ ತುಂಬುವ ಹವ್ಯಾಸಕ್ಕೆ ಕಾನೂನಿನ ಒಪ್ಪಿಗೆಯಿರುವ ದೇಶಗಳಲ್ಲಿ ಸುಟ್ಟ ಪ್ರೈಮರ್ ತಳ್ಳುವ ಹೊಸಬರ ಪಿನ್ನು ಮುರಿಯಲು, ಡೊಂಕಾಗಲು ಇದು ದೊಡ್ಡ ಕಾರಣ. ಕೆಲಸಕ್ಕೆ ಕೂರುವ ಮೊದಲು ಬ್ಯಾಟರಿ ಬಿಟ್ಟು ಚಿಪ್ಪಿನೊಳಗೆ ನೋಡಬೇಕು: ಒಂದು ತೂತೋ, ಎರಡೋ. ಎರಡಿದ್ದರೆ ಪಿನ್ನಿನ ಆಟ ಅಲ್ಲಿ ನಡೆಯದು. ಹೊರಗಿನಿಂದ ಕೊಕ್ಕೆ ಹಾಕಿ ಎತ್ತಬೇಕು, ಇಲ್ಲವೇ ಚಿಪ್ಪಿನ ತುಂಬ ನೀರು ತುಂಬಿ, ಬಾಯಿಗೆ ಬಿಗಿಯಾಗಿ ಕೂರುವ ಸಲಾಕೆ ಇಟ್ಟು ಪೆಟ್ಟು ಕೊಟ್ಟು ನೀರಿನ ಒತ್ತಡದಿಂದಲೇ ಪ್ರೈಮರ್ ಹಾರಿಸಬೇಕು.

ಒಂದೇ ತೂತಿನದರಲ್ಲೂ ಜಗಳಗಳಿವೆ. ಸೈನ್ಯದ ತೋಟೆಗಳಲ್ಲಿ ಪ್ರೈಮರ್ ಕದಲದಂತೆ ಕುಣಿಯ ಅಂಚನ್ನು ಒಳಕ್ಕೆ ಜಜ್ಜಿರುತ್ತಾರೆ. ಅಂಥದ್ದು ಸುಲಭಕ್ಕೆ ಬರುವುದಿಲ್ಲ. ಬಂದರೂ ಆ ಜಜ್ಜಿದ ಬಳೆಯನ್ನು ಕೆರೆದು ತೆಗೆಯದೆ ಹೊಸದು ಕೂರುವುದಿಲ್ಲ. ಬಹಳ ದಿನ ತೇವದಲ್ಲಿ ಬಿದ್ದ ಚಿಪ್ಪಿನಲ್ಲಿ ಪ್ರೈಮರ್ ಕಿಲುಬು ಹಿಡಿದು ಗೋಡೆಗೆ ಬೆಸೆದಿರುತ್ತದೆ. ಪಿನ್ನು ಒತ್ತಿದರೆ ಅದರ ತಳ ಮಾತ್ರ ತೂತಾಗಿ ಹೋಗುತ್ತದೆ, ಸುತ್ತಲ ಬಳೆ ಕುಣಿಯಲ್ಲೇ ಉಳಿಯುತ್ತದೆ. ಕಾಕಾ ಅಂಥ ಚಿಪ್ಪಿನ ಆಸೆ ಬಿಡು ಎನ್ನುತ್ತಾರೆ, ನನಗೂ ಅದೇ ಸರಿ ಕಂಡಿತು. ಇನ್ನೊಂದು, ಪ್ರೈಮರ್ ಪೂರ್ತಿ ಹೊರಬಂದು ಪಿನ್ನಿನ ತುದಿಗೇ ಅಂಟಿಕೊಂಡು, ಪಿನ್ನು ಮೇಲೇಳುವಾಗ ತಿರುಗಿ ಕುಣಿಗೇ ಬರುವುದು. ಎಷ್ಟು ಬಲ ಹಾಕಿದರೂ ಗುಣವಿಲ್ಲ. ಪಿನ್ನಿನ ತುದಿ ಜಜ್ಜಿ ಅಣಬೆಯಂತೆ ಹರಡಿರುವುದೇ ಹೆಚ್ಚಾಗಿ ಕಾರಣ; ಅದನ್ನು ಅರದಿಂದ ಉಜ್ಜಿ ನಯಮಾಡಿದರೆ ಮುಗಿಯಿತು. ಪಿನ್ನು ನಡುವಿಗೆ ಕೂತಿಲ್ಲವೇ, ಚಿಪ್ಪು ಹಿಡಿಕೆಯಲ್ಲಿ ಓರೆಯಾಗಿದೆಯೇ, ಉಜ್ಜಿ ತೊಳೆದಾಗಿನ ಹರಳು ತೂತಿನಲ್ಲಿ ಸಿಕ್ಕಿದೆಯೇ ಎಂಬುದನ್ನೂ ನೋಡಬೇಕು.

ಇಷ್ಟು ಹೇಳುವಾಗ ಮೆತ್ತಗಿದ್ದ ಕಾಕಾನ ದನಿ ಒಂದು ಕಡೆ ಗಡುಸಾಯಿತು. "ಸುಡದ ಪ್ರೈಮರ್ ಇದ್ರ ಕೈ ಹಚ್ಚಬ್ಯಾಡ. ಅದು ಕಣ್ಣ ತಗೀತದ." ಸೈನ್ಯದಲ್ಲೂ ಪೊಲೀಸಿನಲ್ಲೂ ಹಾರಿಸಿದ ತೋಟೆಯ ಚಿಪ್ಪನ್ನು ಎಣಿಸಿ ಒಪ್ಪಿಸುವುದು ಪದ್ಧತಿ, ಮತ್ತೆ ತುಂಬುವ ಮಾತೇ ಇಲ್ಲ. ಹೊರಗೆ, 1959ರ ಆಯುಧ ಕಾಯ್ದೆಯ 5ನೇ ಕಲಮಿನಂತೆ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಡಬ್ಬಿಯೊಳಗಿನ ಸೀಳು ಚಿಪ್ಪುಗಳು ಕಣ್ಣಿಗೆ ಪಾಠ, ಅಷ್ಟೇ.

ಗಜೇಂದ್ರಗಡ ಹತ್ತಿರವಾದಂತೆ ಬಯಲು ಮುಗಿದು ಗುಡ್ಡದ ಸಾಲು ಏಳುತ್ತದೆ. ಸಾಲಿನ ನೆತ್ತಿಯುದ್ದಕ್ಕೂ ಗಾಳಿಯಂತ್ರಗಳು. ಊರ ಮೇಲೆ ಘೋರ್ಪಡೆಯವರ ಕೋಟೆ, ಇನ್ನೊಂದು ಬದಿಯಲ್ಲಿ ಜನ ದಕ್ಷಿಣಕಾಶಿ ಎನ್ನುವ ಕಾಲಕಾಲೇಶ್ವರ. ಮೆಟ್ಟಿಲೇರಿ ಅಂತರಗಂಗೆಯ ನೀರು ಕುಡಿದು ಕೋಟೆಯ ಕಡೆ ಹೋದೆವು. ಮೂರು ದರ್ಬಾರುಗಳ ವಕೀಲರು ಕೂತು ಮಾತಾಡಿದ ಈ ಊರಿನಲ್ಲಿ 1787ರ ಒಪ್ಪಂದ ನೆನಪಿಸುವ ಒಂದು ಒಳ್ಳೆಯ ಫಲಕ, ನರಗುಂದದಲ್ಲಿ ಬತ್ತಿ ಬಂದೂಕು, ಕೇಪಿನ ಬಂದೂಕು, ಅವುಗಳ ಸೂಜಿ, ಕೀಲಿಗಳನ್ನಿಟ್ಟು ತೋರಿಸುವ ಒಂದು ಕೋಣೆ ಬೇಕೇ ಬೇಕು. ಖಡ್ಗ ಎತ್ತಿದ ಚಿತ್ರಗಳು ನಮ್ಮಲ್ಲಿ ಸಾಕಷ್ಟಿವೆ. ಆ ಜನ ಯಾವ ಸಾಮಾನು ಹಿಡಿದು, ಯಾವ ಕೊರತೆಯ ನಡುವೆ ಹೋರಾಡಿದರು ಎಂಬುದನ್ನು ಮಕ್ಕಳು ಕೈಯಾರೆ ಮುಟ್ಟಿ ತಿಳಿಯಬೇಕು.

ಗುಡ್ಡದ ಬುಡದ ಹಳ್ಳಿಯೊಂದರಲ್ಲಿ ಕಾಕಾನ ಪರಿಚಯದ ರೈತರೊಬ್ಬರು ಬೆಳೆ ರಕ್ಷಣೆಯ ಪರವಾನಗಿಯಿರುವ ತಮ್ಮ ಬಂದೂಕು ತೋರಿಸಿದರು. ಒಂಟಿ ನಳಿಗೆ, ಬಾಯಿಂದ ತುಂಬುವ ಕೇಪಿನ ಬಂದೂಕು, ಅಜ್ಜನ ಕಾಲದ್ದು. ಹಂದಿ ಬಂದ ರಾತ್ರಿ ಗುಂಡಿಲ್ಲದೆ ಬರೀ ಮದ್ದಿನ ಸಪ್ಪಳ ಮಾಡುತ್ತಾರಂತೆ. ಕೊಳವೆಯ ಬುಡದಲ್ಲಿ ತಾಮ್ರದ ಹಸಿರು ಚೂರೊಂದು ಕಚ್ಚಿಕೊಂಡಿತ್ತು. ನಳಿಗೆ ಖಾಲಿ ಇದೆಯೆಂದು ಸಲಾಕೆ ಇಳಿಸಿ, ಹೊರಗೆ ಉಳಿದ ಅಳತೆ ನೋಡಿ ಖಾತ್ರಿ ಮಾಡಿಕೊಂಡ ಮೇಲೆಯೇ ಕಾಕಾ ಅದಕ್ಕೆ ಕೈ ಹಚ್ಚಿದರು.

"ಚುನಾವಣಿ ಮುಂದ ಠಾಣೆಗೆ ಒಪ್ಪಿಸಿದ್ದು, ಮೊನ್ನೆ ಬಂತ್ರಿ. ಆಗಿಂದ ಕೇಪ ಕೂಡವಲ್ದು" ಎಂದರು ರೈತರು.

"ಒಳಗ ಇಡೂಮುಂದ ಕೇಪ ತಗದಿದ್ದಿ?"

"ಸುಟ್ಟದ್ದ ಐತಲ್ಲ ಅಂತ ಬಿಟ್ಟಿದ್ನಿರಿ ಕಾಕಾ."

ಕಾಕಾ ಚೂರಿನ ಸುತ್ತ ಎರಡು ತೊಟ್ಟು ಎಣ್ಣೆ ಬಿಟ್ಟು, ಹಿತ್ತಾಳೆಯ ಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿ ತೆಗೆದರು. ಕೊಳವೆಯ ತೂತಿಗೆ ಸೂಜಿ ಹಾಕಿ ತಿರುವಿದರೆ ಕರಿ ಹಿಟ್ಟು ಉದುರಿತು. ಒಳಗಿನಿಂದ ಬಿಸಿನೀರು ತರಿಸಿ ನಳಿಗೆಗೆ ಹೊಯ್ದರು. ಮೊದಲು ಏನೂ ಬರಲಿಲ್ಲ. ಆಮೇಲೆ ಕೊಳವೆಯ ತೂತಿನಿಂದ ಕಪ್ಪು ನೀರು ಹನಿಯಿತು, ಸ್ವಲ್ಪ ಹೊತ್ತಿಗೆ ಸಣ್ಣಗೆ ಧಾರೆಯಾಗಿ ತಿಳಿಯಾಯಿತು. ಒರೆಸಿ ಒಣಗಿಸಿ, ಒಳಗೂ ಹೊರಗೂ ಎಣ್ಣೆ ಸವರಿ ಬಂದೂಕನ್ನು ಮರಳಿಸಿದರು. ಇನ್ನು ಠಾಣೆಗೆ ಒಪ್ಪಿಸುವ ಮೊದಲು ಸುಟ್ಟ ಕೇಪು ತೆಗೆದು, ತೊಳೆದು, ಎಣ್ಣೆ ಹಾಕಿಯೇ ಕೊಡಬೇಕೆಂದು ರೈತರ ಮಗನನ್ನೂ ಕರೆದು ಮತ್ತೊಮ್ಮೆ ಹೇಳಿದರು.